ಒಂದು ಲಕ್ಷ ಅಕ್ಷರ, ನೂರು ಸೆಕೆಂಡು

ಅವಳಿಗೆ ಗರಗಸ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಮನುಷ್ಯರನ್ನು ಅಳೆಯಲು ಬರುತ್ತಿತ್ತು. ಚಾಕುವಾದರೆ ಒಂದೇ ಏಟಿಗೆ ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಇವಳದು ನಿಧಾನದ ಕೆಲಸ, ಒಂದೊಂದೇ ಹಲ್ಲು ತಾಗಬೇಕು. ಕಾರ್ಖಾನೆಗೆ ಹೊಸದಾಗಿ ಸೇರಿದವರು ಮೊದಲ ವಾರ ಅವಳ ಹತ್ತಿರ ಏನಾದರೂ ಕೇಳಲು ಹೋಗುತ್ತಿದ್ದರು. ಎರಡನೇ ವಾರದಿಂದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೆಯೇ ಇಟ್ಟುಕೊಂಡು ಬಾಳುವುದನ್ನು ಕಲಿಯುತ್ತಿದ್ದರು.

ಐವತ್ತೆರಡು ವರ್ಷ, ಕಡ್ಡಿಯಂಥ ಮೈ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಆ ಮೇಜಿನ ಮೇಲಿದ್ದ ಸೋಲ್ಡರಿಂಗ್ ಕಡ್ಡಿಗೆ, ಭೂತಗನ್ನಡಿಗೆ, ತಂತಿಯ ಸುರುಳಿಗೆ, ಕೊನೆಗೆ ನೀರಿನ ಬಾಟಲಿಗೂ ‘ಮುಟ್ಟಬೇಡಿ’ ಎಂಬ ಹಳದಿ ಚೀಟಿ ಅಂಟಿಸಿದ್ದಳು. ಮೇಜನ್ನೇ ಮುಟ್ಟುವವರಿಲ್ಲದಿರುವಾಗ ಬಾಟಲಿ ಮುಟ್ಟುವವರು ಯಾರು? ಆದರೂ ಚೀಟಿ ಇರಲೇಬೇಕು.

ಅವರದು ದೊಡ್ಡ ಯಂತ್ರಗಳಿಗೆ ಮಿದುಳು ಮಾಡಿಕೊಡುವ ಸಣ್ಣ ಕಾರ್ಖಾನೆ. ಯಂತ್ರ ಬೇರೆ ಯಾರದೋ. ಅದಕ್ಕೆ ಈಗ ನೀರು ಬಿಡು, ಈಗ ತಿರುಗು, ಈಗ ನಿಲ್ಲು ಎಂದು ಹೇಳುವ ಡಬ್ಬಿ ಇವರದು. ಇಪ್ಪತ್ತು ವರ್ಷ ಒಂದೇ ಬಗೆಯ ಡಬ್ಬಿ ನಡೆಯಿತು. ಆಮೇಲೆ ಅದರೊಳಗಿನ ಚಿಪ್ ತಯಾರಾಗುವುದೇ ನಿಂತುಹೋಯಿತು. ಯಜಮಾನರು ಅದರ ಜಾಗಕ್ಕೆ ಅಂಗೈಯಗಲದ ಒಂದು ಬೋರ್ಡು ತರಿಸಿದರು. ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರು. ಯಂತ್ರದ ಜೊತೆ ಮಾತಾಡಲು ಅದಕ್ಕೆ ನಾಲ್ಕು ಸೀರಿಯಲ್ ಪೋರ್ಟುಗಳಿದ್ದವು, ಆದರೆ ಆ ಪೋರ್ಟುಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಮಾತ್ರ ಯಾರೂ ಬರೆದಿರಲಿಲ್ಲ. ಬಾಯಿ ಇದೆ, ಮಾತು ಬರದು. ಮಾತು ಕಲಿಸುವ ಕೆಲಸ ಗರಗಸದ ಮೇಜಿಗೆ ಬಂತು. ಆ ಕಟ್ಟಡದಲ್ಲಿ ಅದು ಬರುತ್ತಿದ್ದದ್ದು ಅವಳೊಬ್ಬಳಿಗೇ, ಮತ್ತು ಅದನ್ನು ಮರೆಯಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

ಅದೇ ಕಟ್ಟಡದ ಕೆಳ ಮಹಡಿಯಲ್ಲಿ ಅವಳ ಅಳಿಯನೂ ಕೆಲಸ ಮಾಡುತ್ತಿದ್ದ. ತಯಾರಾದ ಡಬ್ಬಿಗಳನ್ನು ಗಿರಾಕಿಗಳ ಯಂತ್ರಗಳಿಗೆ ಕೂರಿಸಿ, ತಂತಿ ಜೋಡಿಸಿ, ಕೆಟ್ಟರೆ ರಿಪೇರಿ ಮಾಡಿ ಬರುವವನು. ಹೆಗಲಿಗೆ ಸದಾ ಒಂದು ಭಾರದ ಬ್ಯಾಗು ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಬ್ಯಾಗು ಎಂದೇ ಕರೆಯುತ್ತಿದ್ದರು. ಬೇರೆಯವರ ಬಾಯಲ್ಲಿ ಅದು ಸಲಿಗೆಯ ಮಾತು. ಗರಗಸದ ಬಾಯಲ್ಲಿ ಅದು ಬೈಗುಳ.

ಇಬ್ಬರದೂ ಎಣ್ಣೆ ಸೀಗೆಕಾಯಿ. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು ಎಂಬುದೊಂದು ಕಾರಣ. ಮಗಳು ಅವನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿ, ಸಹಿ ಹಾಕಿದ ಮೇಲೆ ತಾಯಿಗೆ ಹೇಳಿದಳು ಎಂಬುದು ಇನ್ನೊಂದು. ಇವೆರಡನ್ನೂ ಅವಳು ಊರಿಗೆಲ್ಲ ಹೇಳುತ್ತಿದ್ದಳು. ಹೇಳದಿದ್ದ ಮೂರನೆಯದೊಂದಿತ್ತು. ಅವನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಯಜಮಾನರ ಎದುರಿಗೆ, “ಮೇಡಂ, ಆ ಕನೆಕ್ಟರ್ ಉಲ್ಟಾ ಹಾಕಿದೀರಿ” ಅಂದಿದ್ದ. ನಿಜಕ್ಕೂ ಉಲ್ಟಾ ಇತ್ತು. ತಪ್ಪು ಹೇಳಿದ್ದರೆ ಯಾವತ್ತೋ ಕ್ಷಮಿಸಿಬಿಡುತ್ತಿದ್ದಳೇನೋ.

ಅವಳು ಯಾರ ಮಾತನ್ನೂ ನಂಬದವಳು, ಅದಕ್ಕೆ ಕಾರಣವೂ ಇತ್ತು. ಗಂಡ ಎನ್ನುವವನು ಏಳು ವರ್ಷ ‘ಎಲ್ಲ ಸರಿಹೋಗುತ್ತೆ’ ಎನ್ನುತ್ತಲೇ ಇದ್ದು, ಒಂದು ಬೆಳಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ಆಗ ಮಗಳಿಗೆ ಐದು. ದೂರವಾಣಿ ಕಚೇರಿಯ ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಾ, ಪುಸ್ತಕ ತರಿಸಿಕೊಂಡು ಓದುತ್ತಾ, ಯಾರ ಹತ್ತಿರವೂ ಕೈಚಾಚದೆ ಅವಳು ಈ ಕೆಲಸ ಕಲಿತಳು, ಮಗಳನ್ನು ಓದಿಸಿದಳು, ಎರಡು ಅಂತಸ್ತಿನ ಪುಟ್ಟ ಮನೆ ಮಾಡಿದಳು. ಒಬ್ಬಳೇ ದಡ ಮುಟ್ಟಿದವಳಿಗೆ, ನೀರಲ್ಲಿರುವ ಉಳಿದವರೆಲ್ಲ ಸೋಮಾರಿಗಳಂತೆ ಕಾಣುತ್ತಾರೆ. ಮಗಳು ಅಳಿಯ ಈಗ ಅದೇ ಮನೆಯ ಮಹಡಿ ಮೇಲಿದ್ದರು. ವಾರಕ್ಕೊಂದು ದಿನ, ಗುರುವಾರ ಸಂಜೆ, ಮೂವರೂ ಕೆಳಗೆ ಒಟ್ಟಿಗೆ ಊಟ ಮಾಡಬೇಕು ಎಂಬುದು ಮಗಳು ಹಟ ಹಿಡಿದು ಮಾಡಿಸಿದ ಕಟ್ಟಳೆ. ಆ ಊಟಕ್ಕೆ ಹೋಲಿಸಿದರೆ ಕೋರ್ಟಿನ ಬೆಂಚಿನಲ್ಲಿ ಕೂರುವುದು ಹಿತ. ಅಳಿಯ “ಅತ್ತೆ, ನೀರು” ಅಂದರೆ ಅವಳು ಜಗ್ಗನ್ನು ಮಗಳ ಕಡೆ ತಳ್ಳುತ್ತಿದ್ದಳು. ಮೂರು ವರ್ಷದಲ್ಲಿ ಒಂದು ಸಲವೂ ಅವನ ಹೆಸರು ಹೇಳಿರಲಿಲ್ಲ. ಮಾತಾಡಲೇಬೇಕಾದಾಗ ‘ನೀವು’ ಎನ್ನುತ್ತಿದ್ದಳು. ಆ ‘ನೀವು’ ಕೇಳಿದರೆ ಯಾರಾದರೂ ‘ನೀನು’ ಅನ್ನಿಸಿಕೊಳ್ಳುವುದೇ ಮೇಲು ಎಂದುಕೊಳ್ಳಬೇಕು, ಹಾಗೆ.

ಇರಲಿ, ಡ್ರೈವರ್ ವಿಷಯಕ್ಕೆ ಬರೋಣ. ಬೋರ್ಡು ತಯಾರಿಸಿದವರು ಜೊತೆಗೊಂದು ಪುಸ್ತಕ ಕೊಟ್ಟಿದ್ದರು. ಅದನ್ನು ಪುಟ ಬಿಡದೆ ಓದಿ, ಎರಡು ತಿಂಗಳು ಕೂತು ಅವಳು ಡ್ರೈವರ್ ಬರೆದಳು. ಚೆನ್ನಾಗಿಯೇ ಬರೆದಳು, ಸುಳ್ಳು ಯಾಕೆ ಹೇಳಬೇಕು? ಬರೆದದ್ದನ್ನು ಪರೀಕ್ಷೆ ಮಾಡಲು ಈ ಕಸುಬಿನವರಿಗೆ ಒಂದು ಸುಲಭದ ಉಪಾಯವಿದೆ. ಪೋರ್ಟಿನ ಕಳಿಸುವ ಕಡ್ಡಿಯಿಂದ ಅದೇ ಪೋರ್ಟಿನ ಕೇಳಿಸಿಕೊಳ್ಳುವ ಕಡ್ಡಿಗೆ ಬೆರಳುದ್ದದ ಒಂದು ತಂತಿ ಸಿಕ್ಕಿಸುವುದು. ಆಗ ಬೋರ್ಡು ಕಳಿಸಿದ್ದೆಲ್ಲ ಅದಕ್ಕೇ ವಾಪಸ್ಸು ಬರುತ್ತದೆ. ಕಳಿಸಿದ್ದೂ ಬಂದದ್ದೂ ಒಂದೇ ಆದರೆ ಪಾಸು. ಅವಳು ಹತ್ತು ದಿನ ಹಾಗೆ ಓಡಿಸಿದಳು. ಕೋಟಿ ಅಕ್ಷರ ಹೋಯಿತು, ಕೋಟಿ ಅಕ್ಷರ ಬಂತು, ಒಂದೂ ತಪ್ಪಲಿಲ್ಲ.

ಹೊಸ ಡಬ್ಬಿಗಳು ಮೊದಲು ಹೋದದ್ದು ಒಂದು ದೊಡ್ಡ ಲಾಂಡ್ರಿಗೆ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಜಾಗ. ಆಳೆತ್ತರದ ಹದಿನಾಲ್ಕು ವಾಷಿಂಗ್ ಮಷಿನ್‌ಗಳು ಎರಡು ಸಾಲಿನಲ್ಲಿ ನಿಂತಿದ್ದವು. ಬ್ಯಾಗು ನಾಲ್ಕು ದಿನ ಅಲ್ಲೇ ಇದ್ದು ಹದಿನಾಲ್ಕಕ್ಕೂ ಡಬ್ಬಿ ಕೂರಿಸಿ ಬಂದ. ಐದನೇ ದಿನ ಫೋನು ಬಂತು. ಮಧ್ಯಾಹ್ನ ಮೂರು ಮಷಿನ್‌ಗಳು ಒಗೆಯುತ್ತಾ ಒಗೆಯುತ್ತಾ ನಿಂತುಹೋಗಿದ್ದವು. ಹೊಟ್ಟೆ ತುಂಬ ನೀರು, ಬಾಗಿಲು ಬೀಗ.

ಅಲ್ಲಿಂದ ಮೂರು ವಾರ ಅದೇ ಕತೆ. ಅವನು ಹೋಗಿ ಕೀಲಿ ಹಾಕಿ ಬಾಗಿಲು ತೆಗೆದು, ಲಾಂಡ್ರಿಯ ಹೆಂಗಸರ ಜೊತೆ ನಿಂತು ಒದ್ದೆ ಚಾದರಗಳನ್ನು ಕೈಯಲ್ಲಿ ಹಿಂಡಬೇಕು. ಅಲ್ಲಿನ ಸೂಪರ್‌ವೈಸರಮ್ಮ ಅವನ ನೆತ್ತಿಯ ಮೇಲೆ ನಿಂತು ಬೈಯಬೇಕು. ಸುಕ್ಕುಗಟ್ಟಿದ ಬೆರಳು ಹೊತ್ತು ಅವನು ಕಾರ್ಖಾನೆಗೆ ಬಂದರೆ ಇಲ್ಲಿ ಗರಗಸ ಕಾದಿರಬೇಕು.

“ನೀವು ವೈರಿಂಗ್ ಮಾಡುವಾಗ ಎಚ್ಚರ ಇದ್ರೋ, ನಿದ್ದೆ ಮಾಡ್ತಿದ್ರೋ?” ಅಂದಳು ಮೊದಲ ವಾರದ ಸಭೆಯಲ್ಲಿ, ಎಲ್ಲರ ಎದುರಿಗೆ.

“ಕೇಬಲ್ ಮೂರು ಸಲ ಬದಲಾಯಿಸಿದೀನಿ ಮೇಡಂ. ಬೆಳಗ್ಗೆ ಸರಿಯಾಗಿ ನಡೀತವೆ. ಮಧ್ಯಾಹ್ನ ಆ ಜಾಗ ಕಾದ ಮೇಲೆ ಕೆಡ್ತವೆ. ಬಾಯ್ಲರ್ ಹತ್ತಿರ ಇರೋವೇ ಹೆಚ್ಚು ಕೆಡೋದು. ಹಳೇ ಡಬ್ಬಿ ವಾಪಸ್ ಹಾಕಿದ್ರೆ ಅದೇ ಕೇಬಲ್‌ನಲ್ಲಿ ಏನೂ ತೊಂದರೆ ಇಲ್ಲ.”

“ಅಂದ್ರೆ?”

“ಅಂದ್ರೆ ಹೊಸ ಡಬ್ಬಿ ಮಾತಾಡೋ ವೇಗದಲ್ಲೇ ಏನೋ ವ್ಯತ್ಯಾಸ ಇರಬಹುದು. ನೀವು ತಂತಿ ಸಿಕ್ಕಿಸಿ ನೋಡಿದೀರಲ್ಲ, ಅದು ತನ್ನ ಜೊತೆ ತಾನೇ ಮಾತಾಡ್ಕೊಂಡ ಹಾಗೆ. ಒಂದ್ಸಲ ಬೇರೆ ಯಂತ್ರಕ್ಕೆ ಹಾಕಿ ನೋಡಿ ಮೇಡಂ.”

ಗರಗಸ ಕನ್ನಡಕ ಏರಿಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಕುಣಿಯೋಕೆ ಬಾರದವರು ನೆಲ ಡೊಂಕು ಅಂದರಂತೆ. ಡಿಪ್ಲೊಮಾ ಮುಗಿಸಿ ಬನ್ನಿ, ಆಮೇಲೆ ನನಗೆ ವೇಗದ ಪಾಠ ಹೇಳೋರಂತೆ” ಅಂದಳು. ಯಾರೋ ಕಿಸಕ್ಕೆಂದರು. ಅವನು ಬ್ಯಾಗಿನ ಪಟ್ಟಿ ಸರಿ ಮಾಡಿಕೊಂಡು ಕೂತ.

ಎರಡನೇ ವಾರವೂ ಅವನು ಅದೇ ಹೇಳಿದ, ಅವಳೂ ಅದೇ ಹೇಳಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ಮೊಲವನ್ನೇ ತಂದು ನಿಲ್ಲಿಸಿದರೂ, ಆ ನಾಲ್ಕನೆಯದು ಕಾಲಲ್ಲ, ಬಾಲ ಎನ್ನುತ್ತಾರೆ. ಮೂರನೇ ವಾರ ಲಾಂಡ್ರಿಯವರು ಹದಿನಾಲ್ಕು ಡಬ್ಬಿಗಳನ್ನೂ ಕಿತ್ತು ಕಳಿಸುತ್ತೇವೆ ಎಂದರು. ಯಜಮಾನರು ಮೆತ್ತನೆಯ ಮನುಷ್ಯ. ಎರಡು ಕಡೆಯವರೂ ಜಗಳವಾಡಿದರೆ ಯಾರ ದನಿ ದೊಡ್ಡದೋ ಅವರ ಕಡೆ ವಾಲುವವರು. ಗರಗಸವನ್ನು ಕರೆದು ಕೇಳಿದರು. ಅವಳು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟಳು: ಡ್ರೈವರ್‌ನಲ್ಲಿ ದೋಷವಿಲ್ಲ, ದೋಷವಿರುವುದು ಜೋಡಣೆಯಲ್ಲಿ. ಯಜಮಾನರು ನಿಟ್ಟುಸಿರು ಬಿಟ್ಟು, “ಹಾಗಾದ್ರೆ ಶುಕ್ರವಾರ ಅವನನ್ನ ಕೆಲಸದಿಂದ ತೆಗೀಬೇಕಾಗುತ್ತೆ ಮೇಡಂ. ನಿಮ್ಮ ಅಳಿಯ ಅಂತ...” ಎಂದು ರಾಗ ಎಳೆದರು.

“ಕಾರ್ಖಾನೆ ಒಳಗೆ ನನಗೆ ಯಾರೂ ಅಳಿಯ ಅಲ್ಲ” ಅಂದಳು.

ಈ ಮಾತು ಮಂಗಳವಾರ ಸಂಜೆಯೊಳಗೆ ಮಹಡಿ ಮೇಲಿನ ಮನೆಗೂ ಮುಟ್ಟಿತು. ಮಗಳು ಇಳಿದು ಬಂದು ಬಾಗಿಲಲ್ಲೇ ನಿಂತಳು. “ಅಮ್ಮ, ಅವರ ಕೆಲಸ ಹೋದ್ರೆ ನಾವು ಇಲ್ಲಿ ಇರೋಕಾಗಲ್ಲ. ಅವರಣ್ಣನ ವರ್ಕ್‌ಶಾಪಿಗೆ ಹೋಗ್ಬೇಕು. ರೈಲಲ್ಲಿ ಒಂದೂವರೆ ದಿನದ ದಾರಿ. ನನ್ನ ಸ್ಕೂಲಿನ ಕೆಲಸಾನೂ ಬಿಡ್ಬೇಕು. ಒಂದೇ ಒಂದ್ಸಲ ಅವರು ಹೇಳಿದ ಹಾಗೆ ಪರೀಕ್ಷೆ ಮಾಡಿ ನೋಡಮ್ಮ.”

“ಅವರು ಹೇಳಿದ ಹಾಗೆ ಮಾಡೋಕೆ ನಾನು ಇಪ್ಪತ್ತೈದು ವರ್ಷ ಕಣ್ಣು ಸುಟ್ಕೊಂಡಿದ್ದಲ್ಲ ಕಣೇ” ಅಂದಳು ತಾಯಿ. ಮಗಳು ಮೆಟ್ಟಿಲು ಹತ್ತಿ ಹೋದಳು.

ಬುಧವಾರ ಗರಗಸ ಒಂದು ವರದಿ ಬರೆಯಲು ಕೂತಳು. ಅಳಿಯನ ತಪ್ಪುಗಳ ವರದಿ. ಶುಕ್ರವಾರ ಯಜಮಾನರು ಮೆತ್ತಗಾಗಿಬಿಟ್ಟರೆ ಎಂಬ ಅನುಮಾನ ಅವಳಿಗೆ. ಎರಡು ಪುಟ ಬರೆದಾದ ಮೇಲೆ ಓದಿ ನೋಡಿದಳು. ಬೈಗುಳ ಬೇಕಾದಷ್ಟಿತ್ತು, ಅಂಕಿ ಇರಲಿಲ್ಲ. ಅಂಕಿ ಹಾಕಿದರೆ ಬೈಗುಳಕ್ಕೆ ತೂಕ ಬರುತ್ತದೆ. ಡ್ರೈವರ್‌ನ ವೇಗ ಇಷ್ಟೇ ಇದೆ, ನೂಲಿನಷ್ಟೂ ಹೆಚ್ಚು ಕಡಿಮೆ ಇಲ್ಲ ಎಂದು ಒಂದು ಸಾಲು ಹಾಕಬೇಕೆನ್ನಿಸಿತು.

ಈ ಪೋರ್ಟುಗಳ ಸಂಗತಿ ಹೀಗೆ. ಡಬ್ಬಿಯೂ ಮಷಿನ್ನೂ ಮೊದಲೇ ಒಂದು ವೇಗ ಒಪ್ಪಿಕೊಂಡಿರುತ್ತವೆ. ಆಮೇಲೆ ಇಬ್ಬರೂ ತಂತಮ್ಮ ಗಡಿಯಾರ ನೋಡಿಕೊಂಡು ಅಕ್ಷರ ಕಳಿಸುತ್ತಾರೆ, ಅಕ್ಷರ ತೆಗೆದುಕೊಳ್ಳುತ್ತಾರೆ. ಒಬ್ಬರ ಗಡಿಯಾರ ಚೂರು ಓಡಿದರೆ ಪರವಾಗಿಲ್ಲ. ಜಾಸ್ತಿ ಓಡಿದರೆ ಒಂದು ಅಕ್ಷರ ಇನ್ನೊಂದರ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. ಅವಳು ಇಟ್ಟಿದ್ದ ವೇಗ ಸೆಕೆಂಡಿಗೆ ಒಂಬೈನೂರ ಅರವತ್ತು ಅಕ್ಷರ. ಒಂದು ಲಕ್ಷ ಅಕ್ಷರ ಕಳಿಸಲು ನೂರ ನಾಲ್ಕು ಸೆಕೆಂಡು ಹಿಡಿಯಬೇಕು. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ, ಗೋಡೆ ಗಡಿಯಾರ ಸಾಕು.

ಅವಳು ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು ಕೀಲಿ ಒತ್ತಿದಳು. ಲಕ್ಷ ಅಕ್ಷರ ಮುಗಿದಾಗ ಮುಳ್ಳು ಒಂದು ಸುತ್ತು ಮುಗಿಸಿ ಎಂಟರ ಮೇಲಿತ್ತು. ನೂರು ಸೆಕೆಂಡು.

ಮೊದಲು ಹೆಮ್ಮೆಯೇ ಆಯಿತು ಪುಣ್ಯಾತ್ಗಿತ್ತಿಗೆ, ನನ್ನ ಡ್ರೈವರ್ ಎಷ್ಟು ಚುರುಕು ಎಂದು. ಆಮೇಲೆ ಮನಸ್ಸು ಲೆಕ್ಕ ಹಾಕಿತು. ಹಾಕಿದ ಲೆಕ್ಕ ಅವಳಿಗೆ ಹಿಡಿಸಲಿಲ್ಲ. ಇನ್ನೊಮ್ಮೆ ಕಳಿಸಿದಳು. ನೂರು. ಗಡಿಯಾರವೇ ಸರಿಯಿಲ್ಲ ಅಂದುಕೊಂಡು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಮತ್ತೊಮ್ಮೆ ಕಳಿಸಿದಳು. ನೂರು. ನೆಲ ಡೊಂಕಾಗಿರಲಿಲ್ಲ.

ಬೋರ್ಡಿಗೆ ತಾಳ ಹಾಕುವುದು ಅದರ ಮೇಲಿನ ಕಾಳಿನಷ್ಟು ಗಾತ್ರದ ಒಂದು ತಗಡಿನ ಡಬ್ಬಿ, ಕ್ರಿಸ್ಟಲ್ ಅನ್ನುತ್ತಾರೆ. ಅದು ಸೆಕೆಂಡಿಗೆ ಎರಡು ಕೋಟಿ ನಲವತ್ತು ಲಕ್ಷ ಸಲ ಬಡಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಅವಳು ಆ ಅಂಕಿಯ ಮೇಲೆಯೇ ಡ್ರೈವರ್ ಕಟ್ಟಿದ್ದಳು. ಈಗ ಭೂತಗನ್ನಡಿ ತೆಗೆದು ಬೋರ್ಡನ್ನು ಬೆಳಕಿಗೆ ಹಿಡಿದರೆ ಕ್ರಿಸ್ಟಲ್ ಕಾಣಲಿಲ್ಲ, ಅದರ ಮೇಲೆ ಅವಳದೇ ಹಳದಿ ಚೀಟಿ ಅಂಟಿತ್ತು. ಉಗುರಿನಿಂದ ಕಿತ್ತಳು. ತಗಡಿನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇಪ್ಪತ್ತೈದು ಎಂದಿತ್ತು. ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು. ಪುಸ್ತಕ ಅಚ್ಚಾದ ಮೇಲೆ ತಯಾರಕರು ಕ್ರಿಸ್ಟಲ್ ಬದಲಾಯಿಸಿದ್ದರು, ಹೇಳಲು ಮರೆತಿದ್ದರು. ಯಾರ ಮಾತನ್ನೂ ನಂಬದವಳು ಒಂದು ಪುಸ್ತಕವನ್ನು ನಂಬಿದ್ದಳು.

ಡಬ್ಬಿ ನೂರಕ್ಕೆ ನಾಲ್ಕು ಪಾಲು ಬೇಗ ಮಾತಾಡುತ್ತಿತ್ತು. ತಂಪು ಹೊತ್ತಿನಲ್ಲಿ ಮಷಿನ್‌ಗಳು ಹೇಗೋ ಸಹಿಸಿಕೊಳ್ಳುತ್ತಿದ್ದವು, ಕಾದರೆ ಕೈಚೆಲ್ಲುತ್ತಿದ್ದವು. ತಂತಿ ಸಿಕ್ಕಿಸಿದ ಪರೀಕ್ಷೆಯಲ್ಲಿ ಮಾತಾಡಿದ್ದೂ ಅದೇ, ಕೇಳಿಸಿಕೊಂಡದ್ದೂ ಅದೇ. ಒಂದೇ ತಪ್ಪು ಗಡಿಯಾರ ಎರಡೂ ಕಡೆ ಇದ್ದರೆ ತಪ್ಪು ಗೊತ್ತಾಗುವುದು ಹೇಗೆ? ಬ್ಯಾಗು ಮೊದಲ ವಾರವೇ ಹೇಳಿದ್ದು ಇದನ್ನೇ, ಹೆಚ್ಚು ಕಡಿಮೆ ಇದೇ ಮಾತಿನಲ್ಲಿ.

ತಿದ್ದಲು ಒಂದೇ ಅಂಕಿ ಬದಲಾಯಿಸಬೇಕಿತ್ತು. ಬದಲಾಯಿಸಿದಳು. ಲಕ್ಷ ಅಕ್ಷರಕ್ಕೆ ನೂರ ನಾಲ್ಕು ಸೆಕೆಂಡು ಹಿಡಿಯಿತು. ಇನ್ನು ಅದನ್ನು ದಾಖಲೆಗೆ ಸೇರಿಸಬೇಕು. ಡ್ರೈವರ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಕಂಪ್ಯೂಟರಿನ ದಾಖಲೆಯಲ್ಲಿ ಬರೆಯಬೇಕು: ಏನು ತಪ್ಪಿತ್ತು, ಯಾರು ತಿದ್ದಿದರು, ಮತ್ತು ಕೊನೆಯ ಸಾಲಿನಲ್ಲಿ, ತಪ್ಪು ತಿಳಿಸಿದವರು ಯಾರು ಎಂದು ಅವರ ಪೂರ್ತಿ ಹೆಸರು. ಜಗತ್ತಿನಲ್ಲೆಲ್ಲ ಇಂಥ ಡ್ರೈವರ್ ಬರೆಯುವವರು ಪಾಲಿಸುವ ಮರ್ಯಾದೆ ಇದು. ಈ ಕಾರ್ಖಾನೆಗೆ ಅದನ್ನು ತಂದವಳೇ ಗರಗಸ. ತನ್ನ ಕೈಕೆಳಗೆ ಕೆಲಸ ಕಲಿಯಲು ಬಂದು ಆ ಕೊನೆಯ ಸಾಲು ಬಿಟ್ಟ ಹುಡುಗಿಯರನ್ನು ಅಳಿಸಿ ಕಳಿಸಿದ್ದಾಳೆ. “ಇನ್ನೊಬ್ಬರು ಕಂಡಿದ್ದನ್ನ ನೀನು ಕಂಡೆ ಅಂತ ಬರೆಯೋದು ಕಳ್ಳತನ” ಎಂದು ಪಾಠ ಹೇಳಿದ್ದಾಳೆ.

ಏನು ತಪ್ಪಿತ್ತು ಎಂದು ಬರೆದಳು. ತಿದ್ದಿದವರು ಎಂದು ತನ್ನ ಹೆಸರು ಬರೆದಳು. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಈ ಹೆಸರು ಬರೆದರೆ ಮೂರು ವಾರ ಎಲ್ಲರ ಎದುರಿಗೆ ಆಡಿದ ಒಂದೊಂದು ಮಾತೂ ತಿರುಗಿ ಬಂದು ಅವಳ ಮುಖಕ್ಕೇ ಬೀಳುತ್ತದೆ. ಸಹಿ ಮಾಡಿಕೊಟ್ಟ ಕಾಗದವೊಂದು ಯಜಮಾನರ ಡ್ರಾಯರಿನಲ್ಲಿದೆ. ಬರೆಯದಿದ್ದರೆ? ಹೊಸ ಡ್ರೈವರ್ ಮುಂದಿನ ವಾರ ಸದ್ದಿಲ್ಲದೆ ಡಬ್ಬಿಗಳಿಗೆ ಹೋಗುತ್ತದೆ. ಬ್ಯಾಗು ಹೋದ ಮೇಲೆ ಎಲ್ಲ ಸರಿಹೋಯಿತು ಎಂದು ಜನ ಅಂದುಕೊಳ್ಳುತ್ತಾರೆ. ಅವಳು ಆ ಸಾಲನ್ನು ಖಾಲಿ ಬಿಟ್ಟು ದಾಖಲೆ ಉಳಿಸಿದಳು. ಆಗ ಬುಧವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.

ನಾಳೆ ನೋಡೋಣ ಅಂದುಕೊಂಡಳು. ಬೇರೆಯವರು ನಾಳೆ ಅಂದರೆ ಅವರ ಚರ್ಮ ಸುಲಿಯುವವಳು.

ಗುರುವಾರ ಸಂಜೆ ಊಟದ ದಿನ. ಮಗಳು ಅಳಿಯ ಇಳಿದು ಬಂದರು. ಅವನ ಬೆರಳುಗಳು ಅವತ್ತೂ ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು. ಅಣ್ಣನಿಗೆ ಫೋನ್ ಮಾಡಿದ್ದಾಗಿಯೂ, ಅಲ್ಲಿ ಸದ್ಯಕ್ಕೆ ಒಂದು ಕೋಣೆ ಸಿಗುತ್ತದೆಂದೂ ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದ. ಅವಳು ತನ್ನ ಸ್ಕೂಲಿನಲ್ಲಿ ಯಾವಾಗ ಹೇಳಬೇಕು ಎಂದು ಕೇಳುತ್ತಿದ್ದಳು. ಗರಗಸ ತನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಈಗ ಹೇಳಿಬಿಡಬಹುದಿತ್ತು. ಇಲ್ಲಿ ಯಜಮಾನರಿಲ್ಲ, ಕಿಸಕ್ಕೆನ್ನುವವರಿಲ್ಲ. ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ತುತ್ತು ಹಾಕಿಕೊಂಡು ಮುಚ್ಚಿದಳು.

ಆಮೇಲೆ ಯಾಕೋ ಎದ್ದು, ಹುರಿದ ಆಲೂಗಡ್ಡೆಯ ಪಾತ್ರೆ ತಂದು, ಅಳಿಯನ ತಟ್ಟೆಗೆ ಎರಡು ಚಮಚ ಬಡಿಸಿದಳು. ಅವನು ಕೇಳಿರಲಿಲ್ಲ.

“ತಗೊಳ್ಳಿ, ತಿನ್ನಿ” ಅಂದಳು. ಮೂರು ವರ್ಷದಲ್ಲಿ ಮೊದಲ ಸಲ.

ಅವನು ಗಾಬರಿಯಾಗಿ “ಸಾಕು ಅತ್ತೆ, ಸಾಕು” ಅಂದ. ಮಗಳು ತಾಯಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಎದ್ದು ನೀರು ತರುವ ನೆವ ಮಾಡಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಬೇಗ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಗರಗಸ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದಳು. ದಾಖಲೆ ತೆರೆದಳು. ತಪ್ಪು ತಿಳಿಸಿದವರು ಎಂಬ ಸಾಲಿನಲ್ಲಿ ಅಳಿಯನ ಹೆಸರನ್ನು, ಅವನ ತಂದೆಯ ಹೆಸರು ಸಮೇತ, ಪೂರ್ತಿ ಬರೆದಳು. ನಿದ್ದೆಗೆಟ್ಟ ಕಣ್ಣುಗಳು ಉರಿಯುತ್ತಿದ್ದವು. ಯಾವ ದೊಡ್ಡ ಜ್ಞಾನೋದಯವೂ ಆಗಿರಲಿಲ್ಲ. ಬರೆಯದಿದ್ದರೆ ಇನ್ನು ಮೇಲೆ ಆ ಹುಡುಗಿಯರನ್ನು ಬೈಯಲು ತನಗೆ ಬಾಯಿರುವುದಿಲ್ಲ ಎನ್ನುವುದು ಹೊಳೆದಿತ್ತು, ಅಷ್ಟೆ.

ಹತ್ತು ಗಂಟೆಗೆ ಸಭೆ. ಯಜಮಾನರ ಮುಂದೆ ಟೈಪು ಮಾಡಿದ ಕಾಗದ ಇತ್ತು. ಬ್ಯಾಗು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಹೋಗಲು ಸುಲಭವಾಗಲಿ ಎನ್ನುವಂತೆ, ತುದಿಯಲ್ಲಿ ಕೂತಿದ್ದ. ಯಜಮಾನರು ಗಂಟಲು ಸರಿಮಾಡಿಕೊಂಡು, “ಬಹಳ ಬೇಸರದ ವಿಷಯ...” ಎಂದು ಶುರುಮಾಡಿದರು.

“ಆ ಕಾಗದ ಹರಿದುಹಾಕಿ” ಅಂದಳು ಗರಗಸ. “ವೈರಿಂಗ್ ಸರಿಯಾಗಿದೆ. ತಪ್ಪಿದ್ದದ್ದು ನನ್ನ ಡ್ರೈವರ್‌ನಲ್ಲಿ. ಇವರು ಮೊದಲ ವಾರವೇ ಹೇಳಿದ್ರು. ನಾನು ಕೇಳಲಿಲ್ಲ. ತಿದ್ದಿದೀನಿ, ಇವರ ಹೆಸರು ಹಾಕಿದೀನಿ.” ಬೈಯುವ ದನಿಯಲ್ಲೇ ಹೇಳಿದಳು, ಬೇರೆ ದನಿ ಅವಳ ಹತ್ತಿರ ಇರಲಿಲ್ಲ.

ಯಜಮಾನರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಅವರ ಮುಖ ಅರಳಿಹೋಗಿತ್ತು. “ನೋಡ್ರಪ್ಪ, ಇದು ದೊಡ್ಡತನ ಅಂದ್ರೆ. ಮೇಡಂ ತಮ್ಮ ತಪ್ಪನ್ನ ತಾವೇ ಒಪ್ಕೊಂಡ್ರು. ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ ಇದು?” ಅಂದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗರಗಸಕ್ಕೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊಗಳಿಕೆ ಹಿತವಾಗಿಯೂ ಇತ್ತು, ಮುಚ್ಚಿಡುವುದೇನು. ಇಷ್ಟು ಸುಲಭವಾಗಿದ್ದಕ್ಕೆ ತಾನು ಇಷ್ಟು ಒದ್ದಾಡಿದೆನಲ್ಲ ಅನ್ನಿಸಿತು.

ಬ್ಯಾಗು ಎದ್ದು ಬಂದ. ಮುಖದಲ್ಲಿ ಮೊದಲ ಸಲ ಅವಳ ಕಡೆಗೆ ಒಂದು ಬಗೆಯ ಮೆತ್ತಗಿನ ನೋಟವಿತ್ತು. “ನನ್ನ ಹೆಸರು ಹಾಕಿದೀರಾ ಮೇಡಂ? ನೋಡ್ಬಹುದಾ?” ಎಂದು ಕೇಳಿದ. ಹದಿನೈದು ವರ್ಷ ತಂತಿ ಎಳೆದವನ ಹೆಸರು ಅಂಥ ದಾಖಲೆಯಲ್ಲಿ ಯಾವತ್ತೂ ಬಂದಿರಲಿಲ್ಲ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನು ಬಗ್ಗಿ ಓದಿದ. ತನ್ನ ಹೆಸರು ಓದಿದ, ಅಪ್ಪನ ಹೆಸರು ಓದಿದ. ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು. ಕೆಲಸ ಯಾವಾಗ ನಡೆಯಿತು ಎಂಬುದನ್ನು ಕಂಪ್ಯೂಟರೇ ತಾನಾಗಿ ಹಾಕಿಕೊಳ್ಳುವ ಸಾಲು ಅದು. ಆಮೇಲೆ ಎಷ್ಟು ಸಲ ತೆರೆದು ಎಷ್ಟು ಹೆಸರು ಸೇರಿಸಿದರೂ ಅದು ಮೊದಲ ದಿನದ್ದೇ ಉಳಿಯುತ್ತದೆ.

“ಬುಧವಾರ” ಅಂದ ಅವನು. “ನಾಲ್ಕು ಹತ್ತು.”

ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನು ತಿದ್ದಿದ ಡ್ರೈವರನ್ನು ಹದಿನಾಲ್ಕು ಮೆಮೊರಿ ಕಾರ್ಡುಗಳಿಗೆ ಹಾಕಿಸಿಕೊಂಡು, ಬ್ಯಾಗಿನ ಒಳಜೇಬಿಗೆ ಇಟ್ಟು, ಲಾಂಡ್ರಿಗೆ ಹೊರಟುಹೋದ. ಮಧ್ಯಾಹ್ನ ಅಲ್ಲಿಂದ ಫೋನು ಬಂತು. ಹದಿನಾಲ್ಕೂ ನಡೆಯುತ್ತಿದ್ದವು. ಯಜಮಾನರು ಎಲ್ಲರಿಗೂ ಸಿಹಿ ಹಂಚಿದರು.

ಸಂಜೆ ಅವಳು ಮನೆಗೆ ಬಂದು ಕೂತಿದ್ದಳು. ಮಗಳು ಇಳಿದು ಬಂದಳು. ಸಂತೋಷವಾಗಿರುತ್ತಾಳೆ, ಕೂತು ಮಾತಾಡುತ್ತಾಳೆ ಅಂದುಕೊಂಡು ಗರಗಸ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ಮಗಳು ಕೂರಲಿಲ್ಲ.

“ನಿನ್ನೆ ಊಟಕ್ಕೆ ಕೂತಾಗ ನಿನಗೆ ಗೊತ್ತಿತ್ತಾ ಅಮ್ಮ?”

“ಇವತ್ತು ಎಲ್ಲರ ಎದುರಿಗೆ ಹೇಳಿದೆನಲ್ಲೇ. ಕೆಲಸ ಉಳೀತಲ್ಲ.”

“ಅದಲ್ಲ ಕೇಳಿದ್ದು. ನಿನ್ನೆ ಗೊತ್ತಿತ್ತಾ?”

“ಗೊತ್ತಿತ್ತು.”

ಮಗಳು ತಲೆಯಾಡಿಸಿದಳು, ಲೆಕ್ಕ ತಾಳೆಯಾದವರ ಹಾಗೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಗರಗಸಕ್ಕೆ ಉತ್ತರ ಕೊಡಲು ಬರುತ್ತಿತ್ತು, ಜಗಳ ಅವಳಿಗೆ ಗೊತ್ತಿದ್ದ ಊರು.

“ನೀನು ಅವರ ತಟ್ಟೆಗೆ ಬಡಿಸಿದೆಯಲ್ಲ, ನಾನು ಅಡುಗೆಮನೇಲಿ ನಿಂತು ಅತ್ತುಬಿಟ್ಟೆ ಅಮ್ಮ, ಖುಷಿಗೆ. ಮೇಲೆ ಹೋಗಿ ಅವರಿಗೆ ಹೇಳಿದೆ, ಕೆಲಸ ಹೋದ್ರೆ ಹೋಗ್ಲಿ ಬಿಡಿ, ಅಮ್ಮ ನಿಮ್ಮನ್ನ ಕೊನೆಗೂ ಒಪ್ಕೊಂಡ್ಳು ಅಂತ. ಅವರೂ ನಂಬಿದ್ರು.”

ಮಗಳು ಬಾಗಿಲವರೆಗೆ ಹೋಗಿ ತಿರುಗಿದಳು.

“ಇನ್ನು ಮೇಲೆ ಗುರುವಾರ ನಮಗೆ ಅಡುಗೆ ಮಾಡಬೇಡ” ಎಂದು ಹೇಳಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮೇಲೆ ಹೋದಳು.